ವಿನೆಗರ್ ಡಬ್ಬಿಯ ಹಿಂದಿನ ಸೀಸೆ

ಕೋಪನ್‌ಹೇಗನ್ನಿನ ಕಾಲುವೆ ಬದಿಯ ಆ ನೆಲಮಾಳಿಗೆಯ ಊಟದ ಮನೆಯಲ್ಲಿ ಬೋಡಿಲ್ ಮೂವತ್ತೆರಡು ವರ್ಷಗಳಿಂದ ರೊಟ್ಟಿಯ ಹೋಳು ಜೋಡಿಸುತ್ತಿದ್ದಳು. ರೈ ಧಾನ್ಯದ ಕಪ್ಪು ರೊಟ್ಟಿ, ಅಂಚಿನವರೆಗೆ ಬೆಣ್ಣೆ, ಮೇಲೆ ವಿನೆಗರಿನಲ್ಲಿ ನೆನೆದ ಹೆರಿಂಗ್ ಮೀನು. ಕಚ್ಚಿದರೆ ಬೆಣ್ಣೆಯಲ್ಲಿ ಹಲ್ಲಿನ ಗುರುತು ಮೂಡಬೇಕು ಎಂದು ಹದಿನೇಳರಲ್ಲಿ ಕಲಿತ ಪಾಠವನ್ನು ಅವಳ ಕೈ ಮರೆತಿರಲಿಲ್ಲ. ಆದರೆ ಮೂಗು ಮರೆತಿತ್ತು.

ಮೇ ತಿಂಗಳಲ್ಲಿ ಜ್ವರ ಬಂದು ಹೋಯಿತು, ವಾಸನೆಯನ್ನೂ ತನ್ನ ಜೊತೆಗೆ ಕರೆದೊಯ್ದಿತು. ನಾಲಿಗೆಗೆ ಉಳಿದದ್ದು ಉಪ್ಪು, ಹುಳಿ, ಸಿಹಿ, ಕಹಿ ಮಾತ್ರ. ಅವಳು ಯಾರಿಗೂ ಹೇಳಲಿಲ್ಲ. ಮೀನನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ನೆನೆಹಾಕಿದ ದಿನ ಎಣಿಸುತ್ತಿದ್ದಳು. ತಟ್ಟೆ ಹೊರಗೆ ಹೋದ ಮೇಲೆ ಅಡುಗೆಮನೆಯ ಕಿಂಡಿಯಿಂದ ಉಣ್ಣುವವರ ಮುಖ ನೋಡುತ್ತಿದ್ದಳು. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅದಕ್ಕಿಂತ ದೊಡ್ಡ ಹೆದರಿಕೆ ವಿನೆಗರ್ ಡಬ್ಬಿಗಳ ಹಿಂದೆ ಕೂತಿತ್ತು. ಪ್ರತಿ ವರ್ಷ ಅವಳೇ ಊರಾಚೆಯ ಹುಲ್ಲುಗಾವಲಿಗೆ ಹೋಗಿ, ಸೋಂಪಿನ ವಾಸನೆಯ ಸೊಪ್ಪು ಕೊಯ್ದು, ಸ್ನಾಪ್ಸ್ ಮದ್ಯದಲ್ಲಿ ನೆನೆಹಾಕುತ್ತಿದ್ದಳು. ಅದೇ ಹುಲ್ಲಿನಲ್ಲಿ ಅದರ ಅಕ್ಕನಂತೆಯೇ ಕಾಣುವ ಇನ್ನೊಂದು ಗಿಡವಿದೆ. ಅದು ವಿಷ. ಅದರ ವಾಸನೆ ಇಲಿಯ ಗೂಡಿನದು. ಕಾಂಡದ ಮೇಲಿನ ನೇರಳೆ ಚುಕ್ಕಿಯನ್ನು ನೋಡುವ ಅಭ್ಯಾಸ ಅವಳಿಗಿರಲಿಲ್ಲ; ಎಲೆ ತಿಕ್ಕಿ ಮೂಗಿಗೆ ಹಿಡಿದರೆ ಸಾಕಿತ್ತು. ಈ ಮೇ ತಿಂಗಳಲ್ಲೂ ಹಿಡಿದಿದ್ದಳು. ಏನೂ ಬರಲಿಲ್ಲ. ನೆಗಡಿ ಇರಬೇಕು ಎಂದುಕೊಂಡು ಬುಟ್ಟಿ ತುಂಬಿಸಿದ್ದಳು. ನೆಗಡಿ ಹೋದ ಮೇಲೂ ವಾಸನೆ ಬಾರದಿದ್ದಾಗ ಸೀಸೆಯನ್ನು ಅಡಗಿಸಿಟ್ಟಳು. ಚೆಲ್ಲಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಬೇಸಿಗೆ ಕಳೆದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಅವಳು ಕಿಂಡಿಯಿಂದ ನೋಡಿದಳು. ಮೂಲೆಯ ಮೇಜಿನಲ್ಲಿ ಹಳೆಯ ಗಿರಾಕಿಗಳಾದ ಸ್ವೆಂಡ್ ಮತ್ತು ಎಬ್ಬಾ. ಮಾಲೀಕ ಟೋರ್ಕಿಲ್ ಅದೇ ಸೀಸೆಯಿಂದ ಎರಡು ಪುಟ್ಟ ಲೋಟಗಳಿಗೆ ಅಂಚಿನವರೆಗೆ ಬಗ್ಗಿಸುತ್ತಿದ್ದ.

"ಬೋಡಿಲ್ ಬಚ್ಚಿಟ್ಟಿದ್ದಳು ನೋಡಿ. ಒಬ್ಬಳೇ ಕುಡಿಯೋ ಪ್ಲಾನು!"

"ಕಳ್ಳಿ!" ಸ್ವೆಂಡ್ ನಕ್ಕ. "ಬಾಯಲ್ಲಿರೋ ಮೀನಿಗೆ ಈಜೋಕೆ ನೀರು ಬೇಡ್ವಾ?"

ಇಬ್ಬರೂ ಲೋಟ ಎತ್ತಿದರು. ಅಲ್ಲಿನ ರೂಢಿಯಂತೆ ಕುಡಿಯುವ ಮುನ್ನ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಡಬೇಕು. ಎಬ್ಬಾಳ ಕನ್ನಡಕ ಜಾರಿತ್ತು.

"ತಡಿಯೇ, ನಿನ್ನ ಕಣ್ಣೇ ಕಾಣ್ತಿಲ್ಲ," ಎಂದ ಸ್ವೆಂಡ್.

"ಕುಡೀಬೇಡಿ!"

ಬೋಡಿಲ್ ಕೈಯಲ್ಲಿ ಬೆಣ್ಣೆಯ ಚಾಕು ಹಿಡಿದೇ ಓಡಿಬಂದಿದ್ದಳು. "ಅದು ಯಾವ ಸೊಪ್ಪೋ ನಂಗೊತ್ತಿಲ್ಲ. ನಂಗೆ ವಾಸನೆ ಬರಲ್ಲ. ಮೇ ತಿಂಗಳಿಂದ."

ಲೋಟಗಳು ಮೇಜಿಗಿಳಿದವು. ಎಬ್ಬಾ ಮೂಸಿ, "ಸೋಂಪು ಅನ್ಸುತ್ತಪ್ಪಾ," ಎಂದಳು.

"ನಂಗ್ಯಾಕೋ ಇಲಿ," ಎಂದ ಸ್ವೆಂಡ್. ಈಗ ಅವನ ದನಿಯಲ್ಲಿ ನಗುವಿರಲಿಲ್ಲ.

ಟೋರ್ಕಿಲ್ ಮೂರು ಸಲ ಮೂಸಿದ. ಸೀಸೆಯನ್ನೂ ಲೋಟಗಳನ್ನೂ ಒಯ್ದು ಎಲ್ಲವನ್ನೂ ಮೋರಿಗೆ ಚೆಲ್ಲಿದ. ಅದು ಯಾವ ಗಿಡವೋ ಇನ್ನೆಂದೂ ತಿಳಿಯದು.

"ಹಾಗಾದ್ರೆ ಮೀನು?" ಎಂದ, ತಿರುಗಿ ನೋಡದೆ.

"ಮುಟ್ಟಿ ನೋಡ್ತೀನಿ. ದಿನ ಎಣಿಸ್ತೀನಿ."

ಅರ್ಧ ತಿಂದ ತಟ್ಟೆಗಳನ್ನು ಎಲ್ಲರೂ ನೋಡಿದರು. ಸ್ವೆಂಡ್ ಮುಳ್ಳುಚಮಚವನ್ನು ದೂರ ಸರಿಸಿದ. ಎಬ್ಬಾ ಮಾತ್ರ ಒಂದು ತುಂಡು ಕತ್ತರಿಸಿ ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಬೋಡಿಲ್ ಎಬ್ಬಾಳ ದವಡೆಯನ್ನೇ ನೋಡುತ್ತಿದ್ದಳು.

"ಲವಂಗ ಜಾಸ್ತಿ ಆಗಿದೆ ಕಣೇ," ಎಂದಳು ಎಬ್ಬಾ. "ಬೇಸಿಗೆಯಿಂದ ಹೀಗೇ. ಹೇಳೋಕೆ ಮನಸ್ಸಾಗಲಿಲ್ಲ."

ಮರುದಿನ ಬೆಳಿಗ್ಗೆ ಬೋಡಿಲ್ ಬಂದಾಗ ಟೋರ್ಕಿಲ್ ಮೀನಿನ ತೊಟ್ಟಿಯ ಮುಚ್ಚಳ ತೆಗೆದು ನಿಂತಿದ್ದ. ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡ. ತನಗೆ ಇನ್ನು ಇಲ್ಲಿ ಕೆಲಸವಿದೆಯೋ ಇಲ್ಲವೋ ತಿಳಿಯದೆ ಅವಳು ಕೋಟು ಬಿಚ್ಚಲಿಲ್ಲ. ರೊಟ್ಟಿಯೂ ಚಾಕುವೂ ಹಲಗೆಯ ಮೇಲೆ ಕಾಯುತ್ತಿದ್ದವು. ಅವನು ಅಗಿಯುತ್ತಲೇ ಇದ್ದ.