ಚುಕ್ಕಿ ಕೋಳಿಯೊಡನೆ ಸೋಸಲೆಗೆ

ಬುಧವಾರ ಬೆಳಿಗ್ಗೆ ಹಿತ್ತಲ ಜಗಲಿಯಲ್ಲಿ ಕುಳಿತು ರಾಗಿ ಕೇರುತ್ತಿದ್ದಾಗ ಮಗಳ ಫೋನು ಬಂತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಮಾತನಾಡಿದೆ. ಮಂಗಳ ಸೋಸಲೆಗೆ ಕೊಟ್ಟ ಮಗಳು. ಎರಡನೆಯ ಹೆರಿಗೆಯಾಗಿ ಇಪ್ಪತ್ತೆರಡು ದಿನವಾಗಿತ್ತು. ಚೊಚ್ಚಲು ನಮ್ಮ ಮನೆಯಲ್ಲಾಯಿತು, ಇದು ಅವರ ಮನೆಯಲ್ಲಿ. ರಕ್ತ ಕಡಿಮೆ ಇದೆ, ದಿನಕ್ಕೊಂದು ಮೊಟ್ಟೆ ತಪ್ಪಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅದಕ್ಕೆಂದೇ ಅಳಿಯ ಬಂದಾಗ ಇಪ್ಪತ್ತನಾಲ್ಕು ನಾಟಿ ಮೊಟ್ಟೆಯನ್ನು ರಾಗಿ ಹೊಟ್ಟಿನಲ್ಲಿ ಹುದುಗಿಸಿ ಡಬ್ಬಿಯಲ್ಲಿ ಕೊಟ್ಟು ಕಳಿಸಿದ್ದೆ.

"ಅವ್ವಾ, ಇನ್ಮೇಲೆ ಮೊಟ್ಟೆ ಕಳಿಸ್ಬ್ಯಾಡ," ಎಂದಳು.

"ಯಾಕವ್ವ, ಮುಗ್ದೋದ್ವಾ?"

"ಒಂದೂ ಬೇಯ್ಸಿಲ್ಲ. ಬೆಳ್ಳಗವೆ, ನಾಟಿ ಅಲ್ಲ, ನಿಮ್ಮವ್ವ ಅಂಗಡಿ ಫಾರಂ ಮೊಟ್ಟೆ ತಂದು ಕಳ್ಸವ್ಳೆ ಅಂತ ನಮ್ಮತ್ತೆ ಎತ್ತಿಟ್ಬುಟ್ಟವ್ರೆ."

"ನೀನೇನಂದೆ?"

ಮಗು ಅಳುವ ಸದ್ದು ಕೇಳಿತು. ಅವಳು ಫೋನು ಇಟ್ಟಳು.

ನಾನು ಮದುವೆಯಾಗಿ ಚಿಕ್ಕಯ್ಯನಛತ್ರಕ್ಕೆ ಬಂದಾಗಿನಿಂದ ಕೋಳಿ ಸಾಕಿದ್ದೇನೆ. ಈಗ ಹಿತ್ತಲಲ್ಲಿ ಹನ್ನೊಂದು ಇವೆ. ಏಳು ನಾಟಿ, ಮೂರು ಮಿಶ್ರತಳಿಯ ಗಿರಿರಾಜ, ಒಂದು ಕಡಕ್‌ನಾಥ್. ಕಡಕ್‌ನಾಥ್ ಮೂಳೆಯವರೆಗೂ ಕಪ್ಪು, ಆದರೂ ಅದರ ಮೊಟ್ಟೆ ಕಪ್ಪಲ್ಲ, ತಿಳಿಯಾದದ್ದೇ. ಗಿರಿರಾಜನದು ದಪ್ಪ ಮೊಟ್ಟೆ, ಇಟ್ಟಿಗೆ ಪುಡಿ ಬಳಿದಂಥ ಕಂದು. ನಾಟಿಯದು ಚಿಕ್ಕದು, ಹಾಲಿಗೆ ಒಂದು ತೊಟ್ಟು ಟೀ ಬಿದ್ದಂಥ ಬಣ್ಣ. ಗರಿ ನೋಡಿ ಮೊಟ್ಟೆಯ ಬಣ್ಣ ಹೇಳಲಾಗುವುದಿಲ್ಲ. ಕಿವಿಯ ತೊಗಲು ನೋಡು ಎನ್ನುತ್ತಿದ್ದರು ನಮ್ಮ ಅತ್ತೆ. ಅದೂ ಆಗಾಗ ತಪ್ಪುತ್ತದೆ. ಕೋಳಿ ಗೂಡಿನಿಂದ ಎದ್ದ ಮೇಲೆ ಕೈ ಹಾಕಿ ನೋಡುವುದೊಂದೇ ಸರಿಯಾದ ದಾರಿ. ಗಿರಿರಾಜನ ಮೊಟ್ಟೆ ನಾನು ಟೀ ಅಂಗಡಿಗೆ ಹಾಕುತ್ತೇನೆ. ಬಾಣಂತಿಗೆ ನಾಟಿಯೇ ಆಗಬೇಕು ಎಂದು ಆರಿಸಿ ಆರಿಸಿ ಕಳಿಸಿದವಳು ನಾನು. ಕೆಂಪಗಿದ್ದಷ್ಟೂ ನಾಟಿ ಎಂದು ಈಚೆಗೆ ಜನ ಯಾರಿಂದ ಕಲಿತರೋ ಗೊತ್ತಿಲ್ಲ.

ಮಾತಿನಲ್ಲಿ ಹೇಳಿದರೆ ಬೀಗಿತ್ತಿ ನಂಬುವುದಿಲ್ಲ. ಕೋಳಿಯನ್ನೇ ತೆಗೆದುಕೊಂಡು ಹೋಗಿ ಅವರ ಅಂಗಳದಲ್ಲೇ ಮೊಟ್ಟೆ ಇಡಿಸುವುದೆಂದು ತೀರ್ಮಾನಿಸಿದೆ.

ಗುರುವಾರ ನಸುಕಿನಲ್ಲಿ ಕೋಳಿಗಳನ್ನು ಒಂದೊಂದಾಗಿ ಹಿಡಿದು ಬೆರಳಿಟ್ಟು ನೋಡಿದೆ. ಚುಕ್ಕಿಯ ಹೊಟ್ಟೆಯಲ್ಲಿ ಮೊಟ್ಟೆ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಮಧ್ಯಾಹ್ನದೊಳಗೆ ಇಡಲೇಬೇಕು. ಕರಿ ಮೈ, ಬಿಳಿ ಚುಕ್ಕೆ, ನಾನು ಕರೆದರೆ ಎಲ್ಲಿದ್ದರೂ ಓಡಿ ಬರುವ ಕೋಳಿ. ಕಾಲು ಕಟ್ಟಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿದೆ. ಯಜಮಾನರು ಹಲ್ಲುಜ್ಜುತ್ತಾ, "ಕೋಳಿನ ಸಾಕ್ಷಿಗೆ ಕರ್ಕೊಂಡೋಗೋಳು ನೀನೊಬ್ಳೇ ಕಣಮ್ಮಿ," ಎಂದು ನಕ್ಕರು.

ಏಳು ಗಂಟೆಯ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದೂ ದೇವರ ದಯೆಯೇ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಸೊನ್ನೆ ಟಿಕೆಟ್ ಹರಿದುಕೊಟ್ಟು ಬುಟ್ಟಿಗೆ ಬಗ್ಗಿ ನೋಡಿದ.

"ನಿಮ್ಗೆ ಫ್ರೀ ಕಣಮ್ಮ, ಕೋಳಿಗೆ ದುಡ್ಡು ಕೊಡಿ."

"ಅದೂ ಹೆಂಗ್ಸೇ ಅಲ್ವಾ ಸಾ?"

"ಹಂಗಾರೆ ಅದ್ರ ಆಧಾರ್ ತೆಗೀರಿ."

ಬಸ್ಸೆಲ್ಲ ನಕ್ಕಿತು. ಹತ್ತು ರೂಪಾಯಿ ಕೊಟ್ಟೆ. ನಂಜನಗೂಡಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಗುಡಿಗೆ ಹೋಗುವಂತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಗೋಪುರವಿರುವ ಕಡೆಗೆ ತಿರುಗಿ ಕೈಮುಗಿದು, "ನಂಜುಂಡಪ್ಪ, ನಿಜ ಗೆಲ್ಲಿಸು," ಎಂದೆ. ಅಷ್ಟೇ ಕೇಳಿದ್ದು. ಮಗಳು ತಿನ್ನಲಿ ಎಂದು ಕೇಳಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ನರಸೀಪುರದ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ ಕೂತೆ. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಚುಕ್ಕಿ ಇಲ್ಲೇ ಇಟ್ಟುಬಿಟ್ಟೀತೆಂದು ಭಯ. ಸೆರಗಿನಲ್ಲಿ ಬುಟ್ಟಿ ಮುಚ್ಚಿ ಕತ್ತಲು ಮಾಡಿದೆ. ಅದು ಸುಮ್ಮನಾಯಿತು.

ನರಸೀಪುರದ ಮಾರ್ಕೆಟ್ಟಿನಲ್ಲಿ ಒಬ್ಬ ಮೊಟ್ಟೆ ಮಾರುತ್ತಿದ್ದ. ಒಂದು ಟ್ರೇ ಬಿಳಿ, ಒಂದು ಟ್ರೇ ಕಂದು. ಕಂದಿನ ಮೇಲೆ 'ನಾಟಿ' ಎಂದು ರಟ್ಟಿನಲ್ಲಿ ಬರೆದು ಸಿಕ್ಕಿಸಿದ್ದ. ಎರಡರ ಗಾತ್ರವೂ ಒಂದೇ. ಒಂದನ್ನು ತೆಗೆದುಕೊಂಡು ಸೆರಗಿನ ಅಂಚು ನೀರಿಗದ್ದಿ ಒರೆಸಿದೆ. ಸೆರಗಿಗೆ ಟೀ ಕಲೆಯಾಯಿತು, ಮೊಟ್ಟೆಯ ಮೇಲೆ ಬಿಳಿ ಪಟ್ಟೆ ಬಂತು.

"ಒರೆಸ್ಬ್ಯಾಡಿ ಕಣಮ್ಮ, ವ್ಯಾಪಾರದ್ ಹೊತ್ತು," ಎಂದ.

"ಬಾಣಂತೀರು ತಿನ್ನೋದು ಕಣಪ್ಪ ಇದು. ಪಾಪ ಅಲ್ವಾ?"

"ವಿಷ ಹಾಕಿಲ್ವಲ್ಲ, ಟೀ ಸೊಪ್ಪು. ದಿಟದ್ ನಾಟಿ ತಂದಿಟ್ಟಿದ್ದೆ ಒಂದ್ ವಾರ. ಬೆಳ್ಳಗವೆ, ಸಣ್ಣವು ಅಂತ ಒಬ್ರೂ ಮುಟ್ನಿಲ್ಲ. ನಾನೇ ತಿಂದೆ. ಜನ ಏನ್ ಕೇಳ್ತರೋ ಅದ್ ಕೊಡ್ತಿವ್ನಿ."

ಅವನ ಮೇಲೆ ಸಿಟ್ಟು ಬಂತು. ಹದಿನೈದು ರೂಪಾಯಿ ಕೊಟ್ಟು ಪಟ್ಟೆ ಬಂದ ಆ ಮೊಟ್ಟೆಯನ್ನೇ ಕೊಂಡೆ.

ಅಲ್ಲಿಂದ ಷೇರ್ ಆಟೋ. ಸೇತುವೆಯ ಮೇಲಿಂದ ಕಪಿಲೆ ಕಾಣಿಸಿದಳು. ನಮ್ಮ ಕಡೆಯಿಂದ ಹರಿದು ಬಂದು ಇಲ್ಲಿ ಕಾವೇರಿಗೆ ಸೇರುತ್ತಾಳೆ. ಸೇರಿದ ಮೇಲೆ ಅವಳ ಹೆಸರನ್ನು ಯಾರೂ ಹೇಳುವುದಿಲ್ಲ.

ಸೋಸಲೆ ತಲುಪಿದಾಗ ಹತ್ತೂವರೆ. ಬೀಗಿತ್ತಿ ಪುಟ್ಟತಾಯಮ್ಮ ಕಾಲಿಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು. ಬುಟ್ಟಿ ನೋಡಿ, "ಕೋಳೀನೂ ತಂದ್ಬುಟ್ರಾ, ಒಳ್ಳೇದಾಯ್ತು ಬುಡಿ," ಎಂದರು. ನೀರು ಕುಡಿದ ಬಾಯಲ್ಲೇ ಜಗಳ ತೆಗೆಯಬಾರದೆಂದು ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿದೆ. ಒಳಗೆ ಮಂಗಳ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಉಗುರು ಕಾಗದದಂತೆ ಬಿಳಿಚಿಕೊಂಡಿತ್ತು.

"ಮೊಟ್ಟೆ ತಿಂದು ಎಷ್ಟು ದಿನ ಆಯ್ತು?"

"ಪ್ಯಾಟೆಯಿಂದ ಎರಡ್ ಸಲ ತಂದ್ರು. ಆಮೇಲೆ ಬಲು ದುಬಾರಿ ಅಂತ ನಿಲ್ಲಿಸ್ಬುಟ್ರು. ಹತ್ತು ದಿನ ಆಗಿರ್ಬೈದು. ನೀನು ಗಲಾಟೆ ಮಾಡ್ಬ್ಯಾಡ ಅವ್ವಾ, ಮೂರ್ ತಿಂಗ್ಳು ನಾನಿಲ್ಲಿ ಮಲಗ್ಬೇಕು."

ಮನಸ್ಸು ಕುದಿಯಿತು. ಇಂಥ ಮನಸ್ಸಿನಲ್ಲಿ ಬಾಯಿ ತೆರೆದರೆ ಹಾಳಾಗುತ್ತದೆ, ಮೊದಲು ಕಾವೇರಿ ಮುಟ್ಟಿ ಬರೋಣ, ಅಷ್ಟರಲ್ಲಿ ಚುಕ್ಕಿಗೂ ಹೊತ್ತಾಗುತ್ತದೆ ಎಂದುಕೊಂಡು ಹೊಳೆಗೆ ಹೋದೆ. ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು, ಮೂರು ಬೊಗಸೆ ಸೂರ್ಯನಿಗೆ ಬಿಟ್ಟೆ. ಮನಸ್ಸು ತಣ್ಣಗಾಯಿತು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ.

ತಿರುಗಿ ಬಂದಾಗ ಅಂಗಳದ ಮೂಲೆಯಲ್ಲಿ ಕರಿ ಗರಿ, ಬಿಳಿ ಚುಕ್ಕೆ. ಒಲೆಯ ಮೇಲೆ ನೀರು ಮರಳುತ್ತಿತ್ತು.

"ಅಯ್ಯೋ, ಕುಯ್ದುಬುಟ್ರಾ?"

ಪುಟ್ಟತಾಯಮ್ಮನಿಗೆ ಅರ್ಥವೇ ಆಗಲಿಲ್ಲ. "ತವರಿಂದ ಬಂದ ಕೋಳಿ ಬಾಣಂತಿ ಸಾರಿಗಲ್ದೆ ಇನ್ಯಾತಕ್ಕೆ ಬೀಗ್ರೇ? ನೀವು ಬರೋದ್ರೊಳ್ಗೆ ಆಗ್ಲಿ ಅಂತ ಬಿರ್ರನೆ ಮಾಡ್ದೆ."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮ ಕಡೆಯ ಪದ್ಧತಿಯೂ ಅದೇ. ಬೇರೆ ದಿನವಾಗಿದ್ದರೆ ನಾನೇ ಕತ್ತಿ ಕೊಡುತ್ತಿದ್ದೆ.

ತಟ್ಟೆಯಲ್ಲಿ ಕರುಳಿನ ಪಕ್ಕ ಹಳದಿ ಮಣಿಗಳ ಗೊಂಚಲು ಬಿದ್ದಿತ್ತು, ಮುಂದಿನ ದಿನಗಳ ಮೊಟ್ಟೆ. ಅದರ ಪಕ್ಕದಲ್ಲಿ ಚಿಪ್ಪು ಕಟ್ಟಿದ ಒಂದು ಮೊಟ್ಟೆ. ಹಾಲಿಗೆ ಒಂದು ತೊಟ್ಟು ಟೀ ಬಿದ್ದಂಥ ಬಣ್ಣ. ನಾನು ಕಳಿಸಿದ ಇಪ್ಪತ್ತನಾಲ್ಕರ ಬಣ್ಣವೇ. ಕೈಗೆತ್ತಿಕೊಂಡೆ, ಬೆಚ್ಚಗಿತ್ತು.

"ಇದು ನಾಟಿ ಕೋಳಿ ಅಂತ ಒಪ್ತೀರಾ ಪುಟ್ಟತಾಯಮ್ಮ?"

"ಒಪ್ದೆ ಏನು? ತೊಡೆ ನೋಡುದ್ರೆ ಗೊತ್ತಾಗಲ್ವಾ?"

"ಹಂಗಾರೆ ಅದ್ರ ಮೊಟ್ಟೆ ಬಣ್ಣ ನೋಡಿ. ನಾನು ಕಳ್ಸಿದ್ದೂ ಇದೇ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಕ್ಕರು. "ಇದಿನ್ನೂ ಬಲಿಯದ್ ಮೊಟ್ಟೆ ಅಲ್ವಾ ಬೀಗ್ರೇ. ಹೊಟ್ಟೇಲಿ ಬೆಳ್ಳಗೇ ಇರ್ತದೆ. ಹೊರಗ್ ಬಂದು ಗಾಳಿ ಸೋಕುದ್ರೆ ಕೆಂಪಾಯ್ತದೆ."

ಮಾರ್ಕೆಟ್ಟಿನ ಮೊಟ್ಟೆಯನ್ನು ತೆಗೆದು ಮರಳುವ ನೀರಿಗೆ ಅದ್ದಿದೆ. ಬಣ್ಣ ಬಿಟ್ಟು ಬಿಳಿಯಾಗಿ ಬಂತು. "ನೋಡಿ, ನೀವು ಪ್ಯಾಟೇಲಿ ತಂದದ್ದು ಇಂಥದ್ದು."

"ಬಿಸಿನೀರಲ್ಲಿ ಅದ್ದುದ್ರೆ ನಿಮ್ ಸೀರೆ ಬಣ್ಣಾನೂ ಹೋಯ್ತದೆ. ಹಂಗಂತ ಅದು ಸೀರೆ ಅಲ್ವಾ?"

ಬಾಗಿಲಲ್ಲಿ ಮಂಗಳ ನಿಂತಿದ್ದಳು. ಹುಟ್ಟಿದಾಗಿನಿಂದ ನಮ್ಮ ಹಿತ್ತಲ ಗೂಡಿಗೆ ಕೈ ಹಾಕಿ ಮೊಟ್ಟೆ ತೆಗೆದ ಹುಡುಗಿ. ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. "ಬುಡವ್ವ, ಅವ್ರಿಗೂ ಗೊತ್ತಿರ್ತದೆ," ಎಂದಳು.

ಚುಕ್ಕಿಯ ಮೊಟ್ಟೆಯನ್ನು ತಿರುಗಿ ತಟ್ಟೆಯಲ್ಲಿಟ್ಟೆ.

ಊಟಕ್ಕೆ ಕರೆದರು. ಇವತ್ತು ನನಗೆ ಒಪ್ಪೊತ್ತು ಎಂದು ಹೇಳಿ ಮೊಸರನ್ನ ತಿಂದೆ. ಆ ದಿನ ನನಗೆ ಯಾವ ಒಪ್ಪೊತ್ತೂ ಇರಲಿಲ್ಲ. ಸಾರಿನಲ್ಲಿ ಬೆಂದ ಚುಕ್ಕಿಯ ಆ ಒಂದು ಮೊಟ್ಟೆ ಮಂಗಳಳ ತಟ್ಟೆಗೆ ಬಂತು. ಅವಳು ಪೂರ್ತಿ ತಿಂದಳು. ಸಣ್ಣದಾದರೂ ದೇವರ ದಯೆ, ಎಣಿಸಿಕೊಂಡೆ.

ಹೊರಟಾಗ ಪುಟ್ಟತಾಯಮ್ಮ ಅಟ್ಟದಿಂದ ಡಬ್ಬಿ ಇಳಿಸಿ ಕೊಟ್ಟರು. "ನಿಮ್ ಮೊಟ್ಟೆ ಬೀಗ್ರೇ. ವೇಸ್ಟ್ ಆಗೋದ್ ಬ್ಯಾಡ. ಮುಂದುನ್ ಸಲ ನಾಟೀವು ಸಿಕ್ಕುದ್ರೆ ಕಳ್ಸಿ, ದಿನಾ ಬೇಯ್ಸಿ ಕೊಡ್ತೀನಿ. ನಂಗೂ ಸೊಸೆ ಎದ್ ಓಡಾಡ್ಬೇಕು ಅಂತ ಆಸೆ ಇಲ್ವಾ?" ಆಟೋ ತಿರುಗುವಾಗ ಹಿಂದೆ ನೋಡಿದೆ. ಅಂಗಳ ಗುಡಿಸಿಯಾಗಿತ್ತು.

ಬರುವಾಗ ಬುಟ್ಟಿಗೆ ಯಾರೂ ಟಿಕೆಟ್ ಕೇಳಲಿಲ್ಲ.

ಮನೆ ಸೇರಿದಾಗ ಆರು ಗಂಟೆ. ಡಬ್ಬಿಯ ಮೊಟ್ಟೆಗಳನ್ನು ನೀರಿನ ಬಿಂದಿಗೆಗೆ ಬಿಟ್ಟು ನೋಡಿದೆ. ಹದಿನೇಳು ಕೆಟ್ಟು ತೇಲಿದವು, ಏಳು ಮುಳುಗಿದವು. ಯಜಮಾನರು, "ಸಾಕ್ಷಿ ಏನಂತು?" ಎಂದರು. ಹೇಳಿದೆ. ಅವರು ಈ ಸಲ ನಗಲಿಲ್ಲ.

ಗೂಡಿಗೆ ಕೈ ಹಾಕಿದಾಗ ಆ ದಿನದ ಮೊಟ್ಟೆ ಐದಿದ್ದವು. ಮೂರು ನಾಟಿಯವು, ಎರಡು ಗಿರಿರಾಜನವು, ದಪ್ಪಗೆ ಕೆಂಪಗೆ. ನಾಟಿಯ ಮೂರನ್ನು ಟೀ ಅಂಗಡಿಯ ಬುಟ್ಟಿಗೆ ಹಾಕಿದೆ. ಗಿರಿರಾಜನ ಎರಡನ್ನು ರಾಗಿ ಹೊಟ್ಟಿನ ಡಬ್ಬಿಯಲ್ಲಿ ಹುದುಗಿಸಿ, ಅಳಿಯ ಭಾನುವಾರ ಬಂದಾಗ ಕೊಡಲು ತೆಗೆದಿಟ್ಟೆ. ಅಷ್ಟರಲ್ಲಿ ಇನ್ನೂ ಕೆಲವು ಸೇರುತ್ತವೆ. ನಾಟಿ ಎಂದು ನಾನು ಹೇಳುವುದಿಲ್ಲ. ಅವರೇ ಹೇಳಿಕೊಳ್ಳುತ್ತಾರೆ.

ದೀಪ ಹಚ್ಚಿದೆ. ದೇವರಿಗೆ ಏನು ಹೇಳುವುದೆಂದು ತಿಳಿಯದೆ ಬರಿದೇ ಕೈಮುಗಿದು, ಮೊರ ತೆಗೆದುಕೊಂಡು ಉಳಿದ ರಾಗಿ ಕೇರಲು ಕುಳಿತೆ.