ಅಂಗಡಿಯ ಹೊರಗೆ ಬಿಟ್ಟ ಚಪ್ಪಲಿಗಳು

೨೦೨೩ನೆಯ ಇಸವಿ, ನನಗೆ ಐವತ್ತನಾಲ್ಕು ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸದಿಂದ ಸ್ವಂತ ಇಚ್ಛೆಯಿಂದಲೇ ನಿವೃತ್ತನಾಗಿ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿದ್ದೆ. ಕೆಲಸ ಬಿಟ್ಟಿದ್ದರೂ ಕೆಲಸದ ಉಡುಪನ್ನು ಬಿಟ್ಟಿರಲಿಲ್ಲ: ತುಂಬುತೋಳಿನ ಬಿಳಿ ಅಂಗಿ, ಬೂದುಬಣ್ಣದ ಪ್ಯಾಂಟು. ಈ ಆಯ್ಕೆಗೆ ಕಾರಣವಿತ್ತು. ಬಿಳಿಯ ಮೇಲೆ ಸೀಮೆಸುಣ್ಣ ಕಾಣುವುದಿಲ್ಲ, ಬೂದುಬಣ್ಣದ ಮೇಲೆ ಕುರ್ಚಿಯ ಧೂಳು ಕಾಣುವುದಿಲ್ಲ. ಕಾರಣವಿಲ್ಲದೆ ಯಾವುದನ್ನೂ ಮಾಡಬಾರದೆಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು.

ಆ ವರ್ಷ ನನ್ನ ತಂಗಿಯ ಮಗಳ ಮದುವೆ ಗೊತ್ತಾಯಿತು. ತಂಗಿಯ ಮನೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಆದರೆ ಹುಡುಗಿ ಕಾಲೇಜು ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು. ಮಕ್ಕಳಿಲ್ಲದ ನನಗೂ ನನ್ನ ಹೆಂಡತಿಗೂ ಅವಳೇ ಮಗಳು. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಆ ಹಕ್ಕಿನ ಸಂತೋಷದಲ್ಲಿ ನಾನಿದ್ದಾಗ ಅವಳು ಒಂದು ದಿನ ಹಳೆಯ ಫೋಟೋಗಳ ಆಲ್ಬಮ್ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಅವಳ ನಾಮಕರಣ, ಶಾಲೆಯ ಬಹುಮಾನ ವಿತರಣೆ, ಪದವಿ ಪಡೆದ ದಿನ, ನಿಶ್ಚಿತಾರ್ಥ. ಎಲ್ಲದರಲ್ಲೂ ಅವಳ ಪಕ್ಕದಲ್ಲಿ ನಾನು.

“ನೋಡ್ರಿ ಮಾಮಾ. ಎಲ್ಲಾ ಫೋಟೋದಾಗೂ ಅದ ಅಂಗಿ, ಅದ ಪ್ಯಾಂಟು. ನಿಮ್ಮ ಮಾಮಾ ಒಂದ ದಿನಾ ನಿಂತು ಎಲ್ಲಾ ಫೋಟೋ ತಗಸ್ಕೊಂಡಾರೇನು ಅಂತ ನಮ್ಮ ಅತ್ತಿ ಆಗೋರು ಕೇಳಿದ್ರು.”

“ಅದ ಅಂಗಿ ಅಲ್ಲವ್ವಾ. ಅಂಥಾದ್ದ ಬ್ಯಾರೆ ಅಂಗಿ,” ಎಂದೆ. ತಪ್ಪು ತಿಳಿವಳಿಕೆ ಬೀಗರ ಮನೆಯಲ್ಲಿ ಉಳಿಯಬಾರದು.

“ಸೀಮಿಸುಣ್ಣ ಈಗೆಲ್ಲೈತಿ ಮಾಮಾ?”

ನಾನು ಆಲ್ಬಮ್ಮಿನ ಮುಂದಿನ ಪುಟ ತಿರುವಿದೆ.

“ನನ್ನ ಮದುವ್ಯಾಗರ ಒಂದು ಬಣ್ಣದ ಅಂಗಿ ಹಾಕ್ಕೊಳ್ರಿ. ಸಾಲಿಗೆ ಹೊಂಟಾವ್ರಂಗ ನನ್ನ ಕೈ ಹಿಡಕೊಂಡು ಬರಬ್ಯಾಡ್ರಿ. ಮತ್ತೇನೂ ಕೇಳಂಗಿಲ್ಲ ನಾ.” ಹೇಳತೊಡಗಿದಾಗ ನಗುತ್ತಿದ್ದಳು, ಹೇಳಿ ಮುಗಿಸಿದಾಗ ನಗುತ್ತಿರಲಿಲ್ಲ.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: “ರಂಗಪಂಚಮಿಗೂ ಬಾಗಲಾ ಹಾಕ್ಕೊಂಡು ಒಳಗ ಕುಂಡ್ರಾವ್ರು ಅವರು. ಅವರ ಮೈಮ್ಯಾಲೆ ಬಣ್ಣಾ ನೀ ಎಲ್ಲಿಂದ ತರ್ತೀಯವ್ವಾ?”

ಬಣ್ಣದ ಮಾತು ಹಾಗಿರಲಿ, ಅಂಗಿ ಕೊಳ್ಳುವುದೇ ಆಗ ನನಗೆ ಒಂದು ಸಮಸ್ಯೆಯಾಗಿತ್ತು. ನಾನು ಬಟ್ಟೆ ಕೊಳ್ಳುತ್ತಿದ್ದುದು ಧಾರವಾಡದ ಪೇಟೆಯ ಒಂದು ಹಳೆಯ ಅಂಗಡಿಯಲ್ಲಿ. ಅಲ್ಲಿ ಚಪ್ಪಲಿಯನ್ನು ಕೆಳಗೆ ಬಿಟ್ಟು ಗಾದಿಯ ಮೇಲೆ ಕುಳಿತರೆ ಚಹಾ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಬಿಳಿ ಬಟ್ಟೆಯ ಸುರುಳಿ ಬಿಚ್ಚುತ್ತಿದ್ದರು. ಹಾಗೆ ಒಬ್ಬರು ನಮ್ಮ ಮುಂದೆ ಬಟ್ಟೆ ಬಿಚ್ಚಿ ಹರಡಿದ ಮೇಲೆ ಏನೂ ಕೊಳ್ಳದೆ ಎದ್ದು ಬರುವುದು ನಮ್ಮ ಕಡೆಯ ಸಭ್ಯತೆಯಲ್ಲ. ಬಿಚ್ಚಿದವುಗಳಲ್ಲಿ ಒಂದನ್ನಾದರೂ ಕೊಳ್ಳಲೇಬೇಕು. ಈ ನಿಯಮವನ್ನು ನಾನು ಎಂದೂ ಮುರಿದವನಲ್ಲ. ಆದರೆ ಆ ಅಂಗಡಿ ಹಿಂದಿನ ವರ್ಷವಷ್ಟೇ ಮುಚ್ಚಿತ್ತು.

ಆದ್ದರಿಂದ ಅಕ್ಟೋಬರ್ ತಿಂಗಳ ಒಂದು ರವಿವಾರ ನಾವು ಮೂವರೂ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ, ಕಡಿಮೆ ಬೆಲೆಯ ರೆಡಿಮೇಡ್ ಬಟ್ಟೆಗಳ ಅಂಗಡಿಗೆ ಹೋದೆವು. ಅದರ ಫಲಕದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಶುಭಕಾರ್ಯಕ್ಕೆ ಬಂದವನೆಂದು ಸುಮ್ಮನಾದೆ. ಹೆಂಡತಿಯೂ ಸೋದರಸೊಸೆಯೂ ಮುಂದೆ ನಡೆದು, “ನೀವು ಅಂಗಿ ನೋಡ್ತಿರ್ರಿ, ಬಂದ್ವಿ” ಎಂದು ಮೇಲಿನ ಅಂತಸ್ತಿಗೆ ಹೋಗಿಬಿಟ್ಟರು. ನಾನು ಗಾಜಿನ ಬಾಗಿಲ ಹೊರಗೆ ಚಪ್ಪಲಿಗಳನ್ನು ಜೋಡಿಸಿಟ್ಟು ಒಳಗೆ ಕಾಲಿಟ್ಟೆ.

ಯಾರೂ “ಬರ್ರಿ” ಎನ್ನಲಿಲ್ಲ. ಗಾದಿ ಇರಲಿಲ್ಲ. ಅಂಗಿಗಳು ಸಾಲುಸಾಲಾಗಿ ತೂಗುತ್ತಿದ್ದವು. ಉಡುಪು ತೊಡಿಸಿದ ಎರಡು ಬೊಂಬೆಗಳನ್ನು ನಿಲ್ಲಿಸಿದ್ದ ಒಂದು ಗಿಡ್ಡ ಕಟ್ಟೆ ಕಂಡಿತು. ಅವುಗಳ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕುಳಿತು ಕಾಯತೊಡಗಿದೆ.

ಸ್ವಲ್ಪ ಹೊತ್ತಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಬರಿಗಾಲಲ್ಲಿ ಬಂದು ಪಕ್ಕದಲ್ಲಿ ಕುಳಿತರು. ಹತ್ತಿಯ ವ್ಯಾಪಾರಿಯೆಂದು ಪರಿಚಯ ಹೇಳಿಕೊಂಡರು. ನಾನು ಮಾಸ್ತರನೆಂದೂ ಸೊಸೆಯ ಮದುವೆಗೆ ಅಂಗಿ ಕೊಳ್ಳಲು ಬಂದವನೆಂದೂ ಹೇಳಿದೆ.

“ಹೊರಗ ಚಪ್ಪಲಿ ಕಂಡ್ವು, ನಾನೂ ಬಿಟ್ಟು ಬಂದೆ. ಇನ್ನೂ ಯಾರೂ ತೋರಸಾಕ ಬಂದಿಲ್ಲೇನ್ರಿ ಸರ?”

“ಇಲ್ರಿ. ಭಾಳ ಹೊತ್ತಾತು.”

“ಚಾ?”

“ಅದೂ ಇಲ್ರಿ.”

“ಹಿಂಗಾದ್ರ ಇವರ ಅಂಗಡಿ ನಡಿಯೂದು ಹೆಂಗ್ರಿ?” ಎಂದು ಅವರು ಮರುಗಿದರು. ನಮ್ಮ ಸುತ್ತ ಜನ ಬುಟ್ಟಿ ತುಂಬ ಬಟ್ಟೆ ಹೊತ್ತು ಓಡಾಡುತ್ತಿದ್ದರು.

ಕೊನೆಗೆ ವ್ಯಾಪಾರಿಗಳಿಗೆ ತಡೆಯಲಾಗಲಿಲ್ಲ. “ನೀವು ಕುಂಡ್ರಿ ಸರ, ನಾನ ತೋರಿಸ್ತೇನಿ” ಎಂದು ಎದ್ದರು. ಒಂದು ಚೌಕುಳಿ ಅಂಗಿಯನ್ನು ತಂದು, ಗುಂಡಿ ಬಿಚ್ಚಿ, ನನ್ನ ಮುಂದೆ ಹರಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಹಸಿರು ಬಂತು, ಅದಕ್ಕೂ ತಲೆಯಾಡಿಸಿದೆ.

“ಬಿಳೀದು ಐತೇನ್ರಿ?”

“ಬಿಳೀದು ನಿಮ್ಮ ಮೈಮ್ಯಾಲೆ ಐತೆಲ್ರಿ. ಇದ್ದದ್ದನ್ನ ಮತ್ಯಾಕ ತಗೋತೀರಿ?” ಎಂದು ಕಡುನೀಲಿಯ ಅಂಗಿಯೊಂದನ್ನು ನನ್ನ ತೊಡೆಯ ಮೇಲೆ ಬಿಚ್ಚಿದರು. “ಹತ್ತಿ ನಾ ಮುಟ್ಟಿ ನೋಡೇನಿ. ಭಾಳ ಛಲೋ ಐತಿ.”

“ಕಿಸೇನ ಇಲ್ಲಲ್ರಿ. ಪೆನ್ನು ಎಲ್ಲಿ ಇಡ್ಲಿ?”

“ಮದುವ್ಯಾಗ ಏನ್ ಪರೀಕ್ಷಾ ಪೇಪರ್ ತಿದ್ದಾವ್ರದೀರೇನು?”

ಆಗ ನನ್ನ ನಿಯಮವೇ ನನ್ನನ್ನು ಹಿಡಿಯಿತು. ಒಬ್ಬ ಹಿರಿಯರು ಎದ್ದು, ಬಗ್ಗಿ, ಮೂರು ಅಂಗಿ ಬಿಚ್ಚಿ ತೋರಿಸಿದ್ದರು. ಒಂದನ್ನಾದರೂ ಕೊಳ್ಳದೆ ಏಳುವುದು ಹೇಗೆ? ನೀಲಿಯನ್ನು ಮಡಚಿ ಪಕ್ಕಕ್ಕೆ ಇಟ್ಟುಕೊಂಡೆ.

“ಈಗ ನೀವು ಕುಂಡ್ರಿ” ಎಂದು ನಾನೆದ್ದೆ. ಅವರಿಗಾಗಿ ತಿಳಿಗುಲಾಬಿಯ ಅಂಗಿಯೊಂದನ್ನು ತಂದು ಬಿಚ್ಚಿದೆ.

“ಮನ್ಯಾಗ ನಗ್ತಾರ್ರಿ ಸರ!”

“ನಗಲಿ ಬಿಡ್ರಿ. ನೀವ ಅಂದಂಗ, ಬಿಳೀದು ನಿಮ್ಮ ಮೈಮ್ಯಾಲೂ ಐತಿ.”

ಅವರು ಅಂಗಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅವರೂ ನಮ್ಮ ಕಡೆಯವರೇ, ಅದೇ ನಿಯಮದವರು. ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಅಂಗಡಿಯ ಮೇಲ್ವಿಚಾರಕಿ ಗಾಬರಿಯಿಂದ ಬಂದರು. “ಸರ, ಬಾಗಲದಾಗ ಚಪ್ಪಲಿ ಗುಡ್ಡಿ ಬಿದ್ದೈತ್ರಿ. ಒಳಗ ಪೂಜಾ ನಡದೈತೇನು ಅಂತ ಜನಾ ಕೇಳಾಕತ್ತಾರ. ಮೊದಲ ಯಾರು ಬಿಟ್ರು ನೋಡೀರೇನ್ರಿ?”

ನಾವಿಬ್ಬರೂ ಬೊಂಬೆಗಳ ಕಡೆ ನೋಡಿದೆವು. ಕಣ್ಣು ಹಾಯಿಸಿದರೆ ಆ ಅಂತಸ್ತಿನ ಅರ್ಧದಷ್ಟು ಜನ ಬರಿಗಾಲಲ್ಲಿದ್ದರು.

ಮೆಟ್ಟಿಲ ಮೇಲಿಂದ ಸೊಸೆಯ ಕೂಗು ಕೇಳಿಸಿತು: “ಮಾಮಾ! ಗೊಂಬಿ ಜೋಡಿ ಏನ್ ಮಾಡಾಕತ್ತೀರಿ?” ಹತ್ತಿರ ಬಂದವಳು ನೀಲಿ ಅಂಗಿಯನ್ನು ಕಂಡಳು. ಅದನ್ನೆತ್ತಿ ನನ್ನ ಎದೆಗೆ ಹಿಡಿದು ನೋಡಿದಳು.

ಅದಕ್ಕೆ ಹೊಂದುವ ತಿಳಿಕಂದು ಪ್ಯಾಂಟನ್ನು ಅವಳೇ ಆರಿಸಿದಳು. ಉದ್ದ ಕಡಿಮೆ ಮಾಡಿಕೊಡುವ ದರ್ಜಿ ಅಲ್ಲಿಯೇ ಇದ್ದರು. ನಾನು ನೆಟ್ಟಗೆ ನಿಂತೆ, ಅವರು ಅಳತೆ ಮಾಡಿ, ಕತ್ತರಿಸಿ ಹೊಲಿದರು. ನಾನು ಬರಿಗಾಲಲ್ಲಿ ನಿಂತಿದ್ದೆನೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮನೆಗೆ ಬಂದು ಬೂಟು ಹಾಕಿಕೊಂಡಾಗ ಪ್ಯಾಂಟು ಕಣಕಾಲಿನ ಮೇಲೆಯೇ ನಿಂತಿತು.

“ಹಳ್ಳಾ ದಾಟಾಕ ಹೊಂಟೀರೇನು?” ಎಂದಳು ಹೆಂಡತಿ. ಕಾಲಿನ ಮಡಿಕೆ ಬಿಚ್ಚಿ ಇಳಿಸಲು ಒಳಗೆ ಬಟ್ಟೆಯೂ ಉಳಿದಿರಲಿಲ್ಲ. ಬಿಳಿ ಅಂಗಿಯನ್ನೂ ಬೂದು ಪ್ಯಾಂಟನ್ನೂ ಇಸ್ತ್ರಿ ಮಾಡಿ, ಯಾರಿಗೂ ಹೇಳದೆ, ಮದುವೆಗೆ ಒಯ್ಯುವ ಚೀಲದ ತಳದಲ್ಲಿ ಇಟ್ಟುಕೊಂಡೆ.

ಮದುವೆಯ ದಿನ ಆ ಚೀಲ ತೆರೆಯಲಿಲ್ಲ. ಮಂಟಪಕ್ಕೆ ಯಾರೂ ಕಾಲಲ್ಲಿ ಏನನ್ನೂ ಹಾಕಿಕೊಂಡು ಹತ್ತುವುದಿಲ್ಲ. ಬರಿಗಾಲಿಗೆ ಅಳೆದ ಪ್ಯಾಂಟು ಅಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಸರಿಹೋಯಿತು. ಸೊಸೆ ನನ್ನ ನೀಲಿ ತೋಳನ್ನೊಮ್ಮೆ ಸವರಿ, ಕೈ ಕೊಟ್ಟಳು. “ಇವತ್ತರ ಫೋಟೋ ಬ್ಯಾರೆ ಬರ್ತೈತಿ ಮಾಮಾ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕರವಸ್ತ್ರ ಅಂಗಿಯ ಕಿಸೆಯಲ್ಲಿರುವುದು ವಾಡಿಕೆ, ಕಿಸೆಯೇ ಇರಲಿಲ್ಲ.

ಅಕ್ಷತೆಯಾದ ಮೇಲೆ ಬೂಟು ಹಾಕಿಕೊಂಡು ಹೊರಗೆ ಬಂದೆ. ವರನ ಗೆಳೆಯರಿಬ್ಬರು ನನ್ನ ಕಣಕಾಲುಗಳನ್ನೇ ನೋಡುತ್ತ ಹತ್ತಿರ ಬಂದರು. ಅವರ ಪ್ಯಾಂಟುಗಳೂ ಅಷ್ಟೇ ಎತ್ತರದಲ್ಲಿದ್ದವು.

“ಮಸ್ತ್ ಫಿಟಿಂಗ್ ಐತ್ರಿ ಕಾಕಾ. ಎಲ್ಲಿ ಹೊಲಿಸಿದ್ರಿ?”

ಗೋಕುಲ ರಸ್ತೆಯ ಅಂಗಡಿಯ ಗುರುತು ಹೇಳಿದೆ. ಅಳತೆ ಸರಿಬರಬೇಕಾದರೆ ಚಪ್ಪಲಿ ಹೊರಗೇ ಬಿಡಬೇಕೆಂದೂ ತಿಳಿಸಿದೆ.

ಹೀಗೆ ಬಿಳಿ ಅಂಗಿಯ ಪ್ರಶ್ನೆ ೨೦೨೩ನೆಯ ಇಸವಿಯ ನವೆಂಬರ್ ೨೬, ರವಿವಾರ, ಊಟದ ಪಂಕ್ತಿ ಕೂಡುವ ಮೊದಲೇ ಇತ್ಯರ್ಥವಾಯಿತು.