ಕೈಯಲ್ಲಿ ಸ್ಪ್ಯಾನರ್ ಇದ್ದವನನ್ನು ಕರೆಯಬೇಡಿ

"ಮಾಸ್ಟ್ರೆ, ಕಾರು ನಿಲ್ಲಿಸಿ. ಈಗಲೇ."

ಪಕ್ಕದ ಸೀಟಿನಲ್ಲಿದ್ದ ಹಮೀದ್ ಹೀಗೆಂದಾಗ ನಾವು ಸಿದ್ಧಕಟ್ಟೆಯ ಹತ್ತಿರ ಬಂದಿದ್ದೆವು. ನನಗಂತೂ ಏನೂ ಕೇಳಿಸಿರಲಿಲ್ಲ. (ಹಳೆಯ ಮಾರುತಿಯ ನೂರೆಂಟು ಸದ್ದುಗಳಲ್ಲಿ ಯಾವುದಕ್ಕೆ ಅಂತ ಕಿವಿಗೊಡುವುದು?) ಹಮೀದ್ ಇಳಿದು ಎಡಗಡೆಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ನಾಲ್ಕು ನಟ್ಟುಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ಒಂದು ಇರಲೇ ಇಲ್ಲ. ಅಂದರೆ ನಾವಿಬ್ಬರೂ ಒಂದೇ ಒಂದು ನಟ್ಟನ್ನು ನಂಬಿಕೊಂಡು ಮೂಡುಬಿದಿರೆಯಿಂದ ಅಲ್ಲಿಯವರೆಗೆ ಬಂದಿದ್ದೆವು.

ಭಯ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಹಿಂದಿನ ದಿನವಷ್ಟೇ ಆ ಚಕ್ರವನ್ನು ಮೂಡುಬಿದಿರೆಯ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿಸಿದ್ದೆ. ಹಾಕಿದವನು ಸದಾನಂದ, ಹದಿನೈದು ವರ್ಷದಿಂದ ಅಲ್ಲಿರುವ ಮೆಕ್ಯಾನಿಕ್. ನನ್ನದೇ ಹಳೆಯ ವಿದ್ಯಾರ್ಥಿ ಬೇರೆ.

ಹಮೀದನೂ ನನ್ನ ವಿದ್ಯಾರ್ಥಿಯೇ, ನಾನು ಬಂಟ್ವಾಳದ ಶಾಲೆಯಲ್ಲಿದ್ದಾಗಿನವ. ಈಗ ಗಲ್ಫಿನಲ್ಲಿ ವಿಮಾನ ರಿಪೇರಿ ಮಾಡುತ್ತಾನೆ. ರಜೆಯಲ್ಲಿ ಬಂದವನು ಅಕ್ಕನ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದ. ಬಸ್ಸಿಗೆ ಯಾಕೆ ಕಾಯುತ್ತೀ, ನಾನೇ ಬಂಟ್ವಾಳಕ್ಕೆ ಬಿಡುತ್ತೇನೆ ಎಂದು ದೊಡ್ಡಸ್ತಿಕೆ ತೋರಿಸಿದ್ದು ನಾನು.

ಹಮೀದ್ ಬೇರೆ ಚಕ್ರದಿಂದ ಒಂದು ನಟ್ಟು ಬಿಚ್ಚಿ ಇದಕ್ಕೆ ಹಾಕಿದ. ಎಲ್ಲವನ್ನೂ ಬಿಗಿ ಮಾಡಿದ. ಆಮೇಲೆ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, "ಇನ್ನು ನೀವೊಮ್ಮೆ ನೋಡಿ" ಎಂದ.

"ನೀನೇ ಮಾಡಿದ್ದಲ್ಲ ಮಾರಾಯ?"

"ಅದಕ್ಕೇ ಹೇಳಿದ್ದು. ಮಾಡಿದವನ ಕಣ್ಣಿಗೆ ಅವನ ತಪ್ಪು ಕಾಣುದಿಲ್ಲ. ನಮ್ಮಲ್ಲಿ ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡ್ಲೇಬೇಕು."

ಬಂಟ್ವಾಳ ಆಮೇಲೆ ಎಂದು ಕಾರನ್ನು ಮೂಡುಬಿದಿರೆಯ ಗ್ಯಾರೇಜಿಗೇ ತಿರುಗಿಸಿದೆ. ದಾರಿಯುದ್ದಕ್ಕೂ ಸದಾನಂದನಿಗೆ ಏನೇನು ಬೈಯಬೇಕೆಂದು ಜೋರಾಗಿಯೇ ರಿಹರ್ಸಲ್ ಮಾಡಿದೆ. ಹಮೀದ್ ಎಲ್ಲ ಕೇಳಿಸಿಕೊಂಡು, ಕೊನೆಗೆ ತನ್ನದೇ ಕಥೆ ಹೇಳಿದ.

ಒಂದು ದಿನ ಅವನು ಹ್ಯಾಂಗರಿನಲ್ಲಿ (ಅಂದರೆ ವಿಮಾನಗಳ ಗ್ಯಾರೇಜಿನಲ್ಲಿ) ಇಂಜಿನ್ ಹತ್ತಿರ ಬೋಲ್ಟು ಬಿಗಿ ಮಾಡುತ್ತಿದ್ದನಂತೆ. ಊರಿಂದ ಫೋನ್ ಎಂದು ಯಾರೋ ಕೂಗಿದರು. ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ. ಮಾತಾಡಿ ವಾಪಸು ಬಂದ, ಮುಚ್ಚಳ ಹಾಕಿದ, ಸಹಿ ಮಾಡಿದ. ರೂಮಿಗೆ ಹೋಗಿ ಊಟಕ್ಕೆ ಕೂತಾಗ ಕೈ ನಿಂತಿತು. ಎರಡು ಬೋಲ್ಟು ಬಿಗಿ ಮಾಡಿಯೇ ಇಲ್ಲ! ಪರೀಕ್ಷಿಸಬೇಕಾದವನೂ ಅವಸರದಲ್ಲಿ ಮೇಲೆ ಮೇಲೆ ನೋಡಿ ಸಹಿ ಹಾಕಿದ್ದ.

"ನಾನೇ ಫೋನ್ ಮಾಡಿ ಹೇಳಿದೆ ಮಾಸ್ಟ್ರೆ. ವಿಮಾನದಲ್ಲಿ ಜನ ಹತ್ತಿ ಕೂತಿದ್ರು. ಎಲ್ಲರನ್ನೂ ಇಳಿಸಿದ್ರು. ಕೆಲಸ ಹೋಯ್ತು ಅಂತ ಸೂಟ್‌ಕೇಸ್ ತುಂಬಿಸಿಟ್ಟೆ."

"ಕಳಿಸಿದ್ರಾ?"

"ನನ್ನನ್ನು ಕಳಿಸ್ಲಿಲ್ಲ. ಫೋನನ್ನು ಹ್ಯಾಂಗರಿನಿಂದ ಹೊರಗೆ ಕಳಿಸಿದ್ರು."

ಈಗ ಅಲ್ಲಿ ಕೆಲಸದ ಮಧ್ಯೆ ಯಾರನ್ನೂ ಕರೆಯುವಂತಿಲ್ಲವಂತೆ. ಏಳಲೇಬೇಕಾದರೆ ಅರ್ಧ ಆದ ಜಾಗಕ್ಕೆ ಕೆಂಪು ಪಟ್ಟಿ ಕಟ್ಟಿ ಏಳಬೇಕು. ಬಂದ ಮೇಲೆ ಬಿಟ್ಟಲ್ಲಿಂದಲ್ಲ, ಮೂರು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು. "ಸತ್ಯ ಹೇಳಿದವನನ್ನು ಓಡಿಸಿದ್ರೆ ನಾಳೆ ಯಾರು ಹೇಳ್ತಾರೆ?" ಎಂದ ಹಮೀದ್. ಬೋಲ್ಟು ಬಿಟ್ಟವನಿಗೆ ಇಷ್ಟು ಮರ್ಯಾದೆಯೇ ಎಂದು ನನಗೆ ಒಳಗೊಳಗೇ ಅನಿಸಿತು.

ಗ್ಯಾರೇಜಿನಲ್ಲಿ ನಾನು ಬೈಯಲು ಬಾಯಿ ತೆರೆಯುವ ಮೊದಲೇ ಕೆಲಸ ಕೆಟ್ಟಿತು. ಧಣಿ ಪದ್ಮರಾಜರು ಹಮೀದನಿಂದ ವಿಷಯ ಕೇಳಿದ್ದೇ ಕೆಂಪಾದರು. "ಯಾರು? ಸದಾನಂದನಾ? ಮಾಸ್ಟ್ರ ಜೀವ ತೆಗೀತಿದ್ದಿಯಲ್ಲ! ನಾಳೆಯಿಂದ ಬರುದು ಬೇಡ ನೀನು."

ಸದಾನಂದ ಕೈ ಒರೆಸುತ್ತಾ ನಿಂತ. "ನನ್ನದೇ ತಪ್ಪು. ಮರೆತುಹೋಯ್ತು."

ಹಮೀದ್ ಮೆಲ್ಲಗೆ ಕೇಳಿದ: "ಅಣ್ಣಾ, ಬಿಗಿ ಮಾಡುವಾಗ ಮಧ್ಯದಲ್ಲಿ ಎದ್ದು ಹೋದದ್ದುಂಟಾ?"

ಸದಾನಂದ ಒಮ್ಮೆ ನನ್ನನ್ನು ನೋಡಿದ. ಕೂಡಲೇ ನೆಲ ನೋಡಿದ. "ಇಲ್ಲ" ಎಂದ.

ಸುಳ್ಳು. ನನಗಾಗಿ ಹೇಳಿದ ಸುಳ್ಳು ಎಂದು ಆ ಕ್ಷಣವೇ ಗೊತ್ತಾಯಿತು. ಹಿಂದಿನ ದಿನ ಅವನು ಚಕ್ರದ ಬಳಿ ಕೂತಿದ್ದಾಗ, "ಸದಾನಂದಾ, ಬಾ ಇಲ್ಲಿ, ಈ ವೈಪರ್ ನೋಡು" ಎಂದು ಕರೆದವನು ನಾನು. (ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು.) ಅವನು ಸ್ಪ್ಯಾನರ್ ಬಿಟ್ಟು ಓಡಿ ಬಂದ. ಬರದೆ ಏನು ಮಾಡುತ್ತಾನೆ? ಹೆಸರು ಕರೆದ ತಕ್ಷಣ ಬರೆಯುತ್ತಿದ್ದ ಪೆನ್ಸಿಲು ಬಿಟ್ಟು ಏಳಬೇಕೆಂದು ಅವನಿಗೆ ಕಲಿಸಿದ್ದು ಯಾರು? ವೈಪರ್ ಆದ ಮೇಲೆ ಅವನ ಮಗಳ ಎಸ್ಸೆಸ್ಸೆಲ್ಸಿ ವಿಷಯ ತೆಗೆದೆ. ಹತ್ತು ನಿಮಿಷ ಕೊರೆದೆ. ಆಮೇಲೆ "ಆಯ್ತಲ್ಲ, ಇಳಿಸು" ಎಂದದ್ದೂ ನಾನೇ. ಅವನು ಜ್ಯಾಕ್ ಇಳಿಸಿದ.

ಹೇಳಲೋ ಬೇಡವೋ ಎಂದು ಯೋಚಿಸುತ್ತಾ ಕಾರಿನ ವೈಪರನ್ನು ಎತ್ತಿ ಇಳಿಸಿದೆ. ಎಷ್ಟು ಸಲ ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ಕೊನೆಗೆ, "ಕರೆದದ್ದು ನಾನು" ಎಂದೆ.

ಪದ್ಮರಾಜರ ಮುಖ ತಟ್ಟನೆ ಸಡಿಲವಾಯಿತು. "ಓ, ಮಾಸ್ಟ್ರು ಕರೆದದ್ದಾ? ಹಾಗಾದ್ರೆ ಅವನಾದ್ರೂ ಎಂತ ಮಾಡ್ಲಿಕ್ಕಾಗ್ತದೆ? ಹೋಗು ಮಾರಾಯ, ಕೆಲಸ ನೋಡು."

ಎಲ್ಲರೂ ನಕ್ಕರು. ಚಾ ಬಂತು. ಹಮೀದ್ ಮಾತ್ರ ನಗಲಿಲ್ಲ. ಕಾರು ಹತ್ತುವಾಗ ಹೇಳಿದ: "ಅವನ ಕೆಲಸ ಉಳಿಯಿತು ಮಾಸ್ಟ್ರೆ. ತಪ್ಪೂ ಅಲ್ಲೇ ಉಳಿಯಿತು. ನಾಳೆ ಇನ್ನೊಬ್ಬರು ಕರೀತಾರೆ."

ನನಗೆ ಚುರುಕ್ಕೆಂದಿತು. ಇಳಿದು ಸದಾನಂದನ ಬಳಿಗೆ ಹೋದೆ. "ಇನ್ನು ನಾನು ಕರೆದ್ರೂ ಕೆಲಸ ಮುಗಿಸಿಯೇ ಬಾ" ಎಂದೆ. ಅವನು "ಛೆ ಛೆ, ಹಾಗೆಲ್ಲ ಆಗ್ತದಾ ಮಾಸ್ಟ್ರೆ" ಎಂದು ನಾಚಿಕೊಂಡ.

ಕಳೆದ ವಾರ ಗ್ಯಾರೇಜಿಗೆ ಹೋಗಿದ್ದೆ. ಸದಾನಂದ ಯಾರದೋ ಅಂಬಾಸಿಡರಿನ ಚಕ್ರ ಕೂರಿಸುತ್ತಿದ್ದ. ಕಾರಿನವರು, ಗಂಡ ಹೆಂಡತಿ ಎರಡು ಮಕ್ಕಳು, ಧರ್ಮಸ್ಥಳಕ್ಕೆ ಹೊರಟವರು, ಬೆಂಚಿನಲ್ಲಿ ಕೂತಿದ್ದರು. ನಾನು ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ಆದರೆ ಪದ್ಮರಾಜರು ಬಿಡಬೇಕಲ್ಲ! "ಸದಾನಂದಾ, ಮಾಸ್ಟ್ರು ಬಂದಿದ್ದಾರೆ, ಕಾಣುದಿಲ್ವಾ? ಬಾ ಇಲ್ಲಿ!"

ಸದಾನಂದ ಅರ್ಧ ಎದ್ದ. ನನ್ನನ್ನು ನೋಡಿದ. ಮತ್ತೆ ಕೂತ.

"ಒಂದು ನಿಮಿಷ. ಇನ್ನೂ ಎರಡು ನಟ್ಟು ಉಂಟು."

"ನೋಡಿದ್ರಾ ಮಾಸ್ಟ್ರೆ, ಎಂತ ಅಹಂಕಾರ ಇವನದ್ದು!" ಎಂದರು ಪದ್ಮರಾಜರು.

ಐದು ನಿಮಿಷದಲ್ಲಿ ಅಂಬಾಸಿಡರ್ ಹೊರಟುಹೋಯಿತು. ತಮ್ಮ ಚಕ್ರ ಗಟ್ಟಿಯಾಗಿ ಕೂತಿರುವುದು ಆ ಅಹಂಕಾರದಿಂದ ಎಂದು ಒಳಗಿದ್ದವರಿಗೆ ಯಾರು ಹೇಳಬೇಕು?